ಉಡುಪಿ ಸೀಮೆಯಲ್ಲಿ ಮೀನು ಸಾಕಣೆ ಮತ್ತು ಮೊಬೈಲ್ ಸುದ್ದಿಜಾಲದ ಉಪಯೋಗ

ಪೀಠಿಕೆ

ಉಡುಪಿ ಸೀಮೆಯ ರೈತರು ತಮ್ಮ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಬಹುಕಾಲದಿಂದ ವಿಂಗಡಿಸುತ್ತ ಬಂದಿರುತ್ತಾರೆ. ಈ ಮೂರರ ಲೆಕ್ಕಕ್ಕೂ ಬಾರದೆ ಉಳಿದಿರುವ ಜಲಪ್ರದೇಶವೂ ಈ ಸೀಮೆಯಲ್ಲಿ ಸ್ವಲ್ಪವಲ್ಲ. ಕಾರ್ಕಳದ ಕಡೆಯ ಮದಗಗಳು ಮತ್ತು ಕೆರೆಗಳು, ಮುರಕಲ್ಲು ತೆಗೆದು ಬಿಟ್ಟ ಹೊಂಡಗಳು, ಅಡಕೆಯ ತೋಟಕ್ಕೆ ನೀರು ಹಿಡಿಯಲು ತೋಡಿದ ಗುಂಡಿಗಳು, ಸ್ವರ್ಣಾ, ಸೀತಾ, ಉದ್ಯಾವರ, ಶಾಂಭವಿ ನದಿಗಳ ಅಳಿವೆಯ ಬದಿಯ ಹಿನ್ನೀರು, ಇವೆಲ್ಲವೂ ಆ ವರ್ಗಕ್ಕೆ ಸೇರಿದವು. ಇಂತಹ ನೀರಿನಲ್ಲಿ ಕ್ರಮವರಿತು ಮೀನು ಸಾಕಿದರೆ ಭೂಮಿಯ ಬೆಳೆಗೆ ಬಾಧಕವಿಲ್ಲದೆ ಇನ್ನೊಂದು ಆದಾಯವು ಒದಗುವುದು.

ಆದರೆ ಮೀನಿನ ಕೃಷಿಯಲ್ಲಿ ಒಂದು ವಿಶೇಷವಿದೆ. ಬತ್ತದ ಪೈರಿಗೆ ರೋಗ ತಗುಲಿದರೆ ಅದು ಎಲೆಯಲ್ಲಿ ಕಾಣುವುದು, ಉಪಾಯಕ್ಕೆ ಕೆಲವು ದಿನಗಳ ಅವಕಾಶವೂ ಸಿಕ್ಕುವುದು. ಮೀನಿಗೆ ಬರುವ ಕೇಡಾದರೋ ನೀರಿನೊಳಗೆ ಅಡಗಿದ್ದು, ಒಂದೇ ರಾತ್ರಿಯಲ್ಲಿ ಇಡೀ ವರ್ಷದ ಫಲವನ್ನು ಅಪಹರಿಸಬಲ್ಲುದು. ಆದಕಾರಣ ಈ ಕೃಷಿಯಲ್ಲಿ ಸುದ್ದಿಯು ಸಕಾಲಕ್ಕೆ ಮುಟ್ಟುವುದು ಮೇವಿನಷ್ಟೇ ಮುಖ್ಯವಾದದ್ದು. ಪ್ರಕೃತ ಮೊಬೈಲ್ ಫೋನು ಪ್ರತಿ ಮನೆಯನ್ನೂ ಹೊಕ್ಕಿರುವುದರಿಂದ, ಮೀನಿನ ಶಾಸ್ತ್ರ ಮತ್ತು ಸುದ್ದಿಜಾಲದ ಶಾಸ್ತ್ರ ಎಂಬ ಎರಡನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತವಾಗಿದೆ.

ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಸ್ಥಾಪಿತವಾಯಿತು. ಭಾರತದಲ್ಲಿ ಈ ವಿಷಯಕ್ಕೆ ಏರ್ಪಟ್ಟ ಮೊದಲನೆಯ ಕಾಲೇಜು ಅದೇ. ತಂತ್ರವಿದ್ಯೆಯನ್ನು ಕಲಿಸುವ ಮಣಿಪಾಲದ ಇಂಜಿನಿಯರಿಂಗ್ ವಿದ್ಯಾಲಯವು 1957ರಲ್ಲಿ ಆರಂಭವಾಯಿತು. ಇವೆರಡರ ನಡುವಣ ದೂರ ಸುಮಾರು 60 ಕಿಲೋಮೀಟರು. ಕಾಪು ಪಟ್ಟಣವು ಆ ದಾರಿಯಲ್ಲೇ ಇರುವುದು. ಒಂದೆಡೆಯಲ್ಲಿ ಜಲಚರಗಳ ವಿಚಾರವೂ, ಇನ್ನೊಂದೆಡೆಯಲ್ಲಿ ವಿದ್ಯುತ್ತು ಮತ್ತು ಸಂಪರ್ಕಗಳ ವಿಚಾರವೂ ಕಲಿಸಲ್ಪಡುವಾಗ, ಎರಡೂ ಬಗೆಯ ಜ್ಞಾನವು ನಡುವಣ ಗ್ರಾಮಗಳ ಕೆರೆಯ ದಂಡೆಗೆ ಬಂದು ಸೇರಿದರಲ್ಲದೆ ರೈತನಿಗೆ ಪ್ರಯೋಜನವಾಗದು.

ಬೆಳಗಿನ ಜಾವದ ಅಪಾಯ

ಮೀನು ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು, ಎಂದರೆ ಆಮ್ಲಜನಕವನ್ನು, ಕಿವಿರುಗಳ ಮೂಲಕ ಹೀರಿ ಬದುಕುವುದು. ಈ ವಾಯು ನೀರಿನಲ್ಲಿ ಬಹಳ ಸ್ವಲ್ಪವೇ ಕರಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲದ್ದು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಐದು ಮಿಲಿಗ್ರಾಮಿನಷ್ಟಿದ್ದರೆ ಮೀನು ಚೆನ್ನಾಗಿ ತಿಂದು ಬೆಳೆಯುವುದು. ಮೂರಕ್ಕಿಂತ ಕಡಮೆಯಾದರೆ ಬಳಲುವುದು. ಇನ್ನೂ ಇಳಿದರೆ ಸಾಯುವುದು.

ಹಗಲಿನಲ್ಲಿ ನೀರಿನೊಳಗಿನ ಸೂಕ್ಷ್ಮಸಸ್ಯಗಳು ಸೂರ್ಯನ ಬೆಳಕಿನಿಂದ ಪ್ರಾಣವಾಯುವನ್ನು ಉತ್ಪತ್ತಿಮಾಡುತ್ತವೆ. ಸೂರ್ಯನು ಮುಳುಗಿದೊಡನೆ ಉತ್ಪತ್ತಿಯು ನಿಲ್ಲುವುದು, ವೆಚ್ಚವು ನಿಲ್ಲದು. ಮೀನು, ಸಸ್ಯ, ತಳದಲ್ಲಿ ಕೊಳೆಯುತ್ತಿರುವ ಮೇವು ಮತ್ತು ಗೊಬ್ಬರ, ಎಲ್ಲವೂ ರಾತ್ರಿಯೆಲ್ಲ ಅದೇ ಸಂಗ್ರಹವನ್ನು ಖರ್ಚು ಮಾಡುತ್ತಿರುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಪ್ರಾಣವಾಯು ಅತ್ಯಂತ ಕಡಮೆಯಾಗಿರುವುದು. ಎರಡು ಮೂರು ದಿನ ಮೋಡ ಮುಚ್ಚಿಕೊಂಡಿದ್ದರೆ ಹಗಲಿನ ಉತ್ಪತ್ತಿಯೂ ತಗ್ಗಿ, ಅಂತಹ ದಿನಗಳ ಮುಂಜಾವವೇ ಅತಿ ಅಪಾಯದ ಸಮಯವಾಗುವುದು. ಬಿಸಿಲು ಬಂದ ಮೇಲೆ ಕೆರೆಗೆ ಹೋಗುವ ಯಜಮಾನನು ಸತ್ತು ತೇಲುವ ಮೀನನ್ನು ಕಂಡು, ಯಾರೋ ವಿಷ ಹಾಕಿದರೆಂದು ನೆರೆಯವರನ್ನು ಸಂಶಯಿಸುವುದುಂಟು. ಅನೇಕ ಸಂದರ್ಭಗಳಲ್ಲಿ ವಿಷವೂ ಇಲ್ಲ, ವೈರಿಯೂ ಇಲ್ಲ. ಪ್ರಾಣವಾಯುವಿನ ಅಭಾವವೇ ಕಾರಣವಾಗಿರುತ್ತದೆ.

ಇದರ ಸೂಚನೆಯು ಮೊದಲೇ ದೊರೆಯುವುದು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿರುತ್ತವೆ. ಮನುಷ್ಯನ ಸುಳಿವಿಗೂ ಓಡವು. ಆಗ ಆ ದಿನದ ಮೇವನ್ನೂ ಗೊಬ್ಬರವನ್ನೂ ಕೂಡಲೇ ನಿಲ್ಲಿಸತಕ್ಕದ್ದು. ಪಂಪಿನಿಂದ ಕೆರೆಯ ನೀರನ್ನೇ ಎತ್ತಿ, ಎತ್ತರದಿಂದ ಹನಿಹನಿಯಾಗಿ ಚದರಿ ಬೀಳುವಂತೆ ಮಾಡತಕ್ಕದ್ದು. ಬಾವಿಯ ನೀರನ್ನು ಬಿಡುವುದಾದರೂ ಹೀಗೆಯೇ ಗಾಳಿಯಾಡುವಂತೆ ಬೀಳಿಸಬೇಕು, ಏಕೆಂದರೆ ಆಳದ ಬಾವಿಯ ನೀರಿನಲ್ಲಿಯೂ ಪ್ರಾಣವಾಯು ಕಡಮೆ ಇರಬಹುದು.

ಸಿಹಿನೀರಿನ ಕೆರೆಯ ಸಿದ್ಧತೆ

ಈ ಸೀಮೆಯ ಮುರಕಲ್ಲಿನ ಮಣ್ಣು ಸ್ವಭಾವತಃ ಹುಳಿ. ಜೂನ್ ತಿಂಗಳಿನಿಂದ ಸುರಿಯುವ ಭಾರಿ ಮಳೆಯು ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಬಿಡುವುದೇ ಇದಕ್ಕೆ ಕಾರಣ. ಹುಳಿಯಾದ ನೀರಿನಲ್ಲಿ ಹಾಕಿದ ಗೊಬ್ಬರವು ಫಲಿಸದು, ಮೀನೂ ಬೆಳೆಯದು. ಆದಕಾರಣ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಕೆರೆಯ ತಳದ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ರಸಸಾರವು ಐದೂವರೆಯಿಂದ ಆರೂವರೆಯ ಒಳಗಿದ್ದರೆ ಹೆಕ್ಟೇರಿಗೆ ಸುಮಾರು 500 ಕಿಲೋ ಸುಣ್ಣ ಬೇಕಾಗುವುದು. ಇನ್ನೂ ಹುಳಿಯಾಗಿದ್ದರೆ ಹೆಚ್ಚು ಬೇಕು.

ಉದಾಹರಣೆಗೆ 25 ಸೆಂಟ್ಸಿನ ಒಂದು ಕೆರೆಯನ್ನು ಎಣಿಸಿಕೊಳ್ಳಬಹುದು. ಇದು ಹೆಕ್ಟೇರಿನ ಹತ್ತರಲ್ಲೊಂದು ಭಾಗ. ಇದಕ್ಕೆ ಬೇಕಾದ ಸುಣ್ಣ 50 ಕಿಲೋ. ವರ್ಷಕ್ಕೆ ಹಸಿ ಸೆಗಣಿ 1,000ದಿಂದ 1,500 ಕಿಲೋ. ಸೆಗಣಿಯಲ್ಲಿ ಐದರಲ್ಲೊಂದು ಪಾಲನ್ನು ಮರಿ ಬಿಡುವ ಮೊದಲೂ, ಉಳಿದದ್ದನ್ನು ಸಮಭಾಗಗಳಾಗಿ ಹದಿನೈದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಹಾಕಬೇಕು. ಒಂದೇ ಸಲ ಹಾಕಿದರೆ ಮೇಲೆ ಹೇಳಿದ ಮುಂಜಾವದ ಅಪಾಯವನ್ನು ಕೈಯಾರೆ ತಂದುಕೊಂಡಂತಾಗುವುದು.

ಕೊರವ, ಮುಗುಡು ಮೊದಲಾದ ಕಾಡುಮೀನುಗಳು ಕೆರೆಯಲ್ಲಿ ಉಳಿದರೆ ಮರಿಗಳನ್ನು ತಿಂದುಹಾಕುವವು. ಬೇಸಗೆಯಲ್ಲಿ ಕೆರೆಯನ್ನು ಪೂರ್ಣವಾಗಿ ಬತ್ತಿಸಿ ಒಣಗಿಸುವುದೇ ಸುಲಭೋಪಾಯ. ಬತ್ತದ ಕೆರೆಯಾದರೆ ಒಂದು ಮೀಟರು ಆಳದ ನೀರಿಗೆ, ಮೇಲಿನ ಅಳತೆಯ ಕೆರೆಗೆ, ಸುಮಾರು 250 ಕಿಲೋ ಹಿಪ್ಪೆ ಹಿಂಡಿಯನ್ನು ನೆನೆಸಿ ಹರಡಬಹುದು. ಅದರ ವಿಷವು ಎರಡು ಮೂರು ವಾರಗಳಲ್ಲಿ ಅಳಿದು, ಅನಂತರ ಗೊಬ್ಬರವಾಗಿ ಪರಿಣಮಿಸುವುದು. ಆಫ್ರಿಕದ ಮುಗುಡು ಮೀನನ್ನು ಸಾಕುವುದಂತೂ ನಿಷೇಧಿಸಲ್ಪಟ್ಟಿದೆ. ಅದು ಮಳೆಗಾಲದಲ್ಲಿ ತಪ್ಪಿಸಿಕೊಂಡು ಹೊಳೆಗಳನ್ನು ಸೇರಿ ನಾಡಿನ ಮೀನುಗಳನ್ನು ನಿರ್ಮೂಲ ಮಾಡುವ ಜಾತಿಯಾದುದರಿಂದ ಯಾರ ಮಾತಿಗೂ ಮರುಳಾಗಿ ಅದನ್ನು ತರಬಾರದು.

ಇಂತಹ ಕೆರೆಗೆ ಬೆರಳುದ್ದದ 500 ಮರಿಗಳು ಸಾಕು: ಮೇಲ್ಭಾಗದಲ್ಲಿ ಮೇಯುವ ಕಾಟ್ಲಾ 150, ನಡುನೀರಿನ ರೋಹು 150, ತಳದಲ್ಲಿ ಮೇಯುವ ಮೃಗಾಲ್ 200. ಒಂದೇ ನೀರಿನ ಮೂರು ಅಂತಸ್ತುಗಳ ಆಹಾರವೂ ಹೀಗೆ ಉಪಯೋಗಕ್ಕೆ ಬರುವುದು. ಪೂರ್ವದಲ್ಲಿ ಈ ಮೀನುಗಳ ಮರಿಗಳನ್ನು ನದಿಗಳಿಂದ ಹಿಡಿದು ತರಬೇಕಾಗಿತ್ತು. 1957ನೆಯ ಜುಲೈ 10ರಂದು ಒರಿಸ್ಸಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಮೆದುಳಿನ ಕೆಳಗಿರುವ ಗ್ರಂಥಿಯ ಸಾರವನ್ನು ಚುಚ್ಚಿ, ಈ ಜಾತಿಯ ಮೀನನ್ನು ಸಾಕಿದ ನೀರಿನಲ್ಲೇ ಮೊಟ್ಟೆಯಿಡಿಸುವುದರಲ್ಲಿ ಸಫಲರಾದರು. ಅಂದಿನಿಂದ ಮರಿಯ ಅಭಾವವು ನೀಗಿತು. ದೇಶದಲ್ಲಿ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ನೆಲಗಡಲೆ ಹಿಂಡಿ ಮತ್ತು ಅಕ್ಕಿಯ ತೌಡು ಸಮಭಾಗವಾಗಿ ಬೆರೆಸಿದ್ದು ಸಾಧಾರಣವಾದ ಮೇವು. ಮೇವಿನ ಪ್ರಮಾಣವು ಅಂದಾಜಿನಿಂದಲ್ಲ, ತೂಕದಿಂದ ಗೊತ್ತಾಗಬೇಕು. ತಿಂಗಳಿಗೊಮ್ಮೆ ಬಲೆ ಬೀಸಿ ಇಪ್ಪತ್ತು ಮೀನುಗಳನ್ನು ತೂಗಿ ಸರಾಸರಿಯನ್ನು ತೆಗೆಯಬೇಕು. ಕೆರೆಯಲ್ಲಿ 400 ಮೀನುಗಳಿದ್ದು ಒಂದೊಂದು 250 ಗ್ರಾಂ ತೂಗಿದರೆ ಒಟ್ಟು 100 ಕಿಲೋ. ಅದರ ನೂರಕ್ಕೆ ಎರಡರಂತೆ ದಿನಕ್ಕೆ 2 ಕಿಲೋ ಮೇವು. ಮಳೆಗಾಲಕ್ಕೆ ಮೊದಲು ಕೋಡಿಗೆ ಜಾಲರಿ ಕಟ್ಟದಿದ್ದರೆ ಈ ಲೆಕ್ಕವೆಲ್ಲವೂ ನೆರೆಯ ನೀರಿನೊಡನೆ ಹರಿದುಹೋಗುವುದು.

ಮಾರಾಟದ ವಿಷಯವನ್ನೂ ಮೊದಲೇ ಯೋಚಿಸತಕ್ಕದ್ದು. ಕರಾವಳಿಯ ಜನರಿಗೆ ಸಮುದ್ರದ ಮೀನಿನ ರುಚಿಯೇ ರೂಢಿಯಾಗಿದೆ. ಆದರೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿವಸ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆಯ ಬಂದರಿಗೆ ಬರುವ ಮೀನು ಬಹಳ ಕಡಮೆಯಾಗುವುದು. ಬೇಸಗೆಯಲ್ಲೂ ಬತ್ತದ ಕೆರೆಯುಳ್ಳವರು ಆ ಕಾಲಕ್ಕೆ ಮೀನನ್ನು ಉಳಿಸಿಟ್ಟುಕೊಂಡರೆ ಲಾಭವುಂಟು. ಮುರಕಲ್ಲಿನ ಹೊಂಡಗಳಲ್ಲಿ ನೀರು ಇಂಗಿಹೋಗುವುದರಿಂದ ಅಂತಹವರು ಅದಕ್ಕೆ ಮೊದಲೇ ಹಿಡಿದು ಮಾರುವುದು ಲೇಸು.

ಹಿನ್ನೀರಿನ ಸ್ಥಳಗಳು

ಅಳಿವೆಗಳಲ್ಲಿ ತೇಲುವ ಪಂಜರಗಳನ್ನು ಕಟ್ಟಿ ಕುರುಡಿ, ಕೆಂಬೇರಿ ಮುಂತಾದ ಬೆಲೆಯುಳ್ಳ ಮೀನುಗಳನ್ನು ಸಾಕುವ ಪದ್ಧತಿಯು ಕರಾವಳಿಯಲ್ಲಿ ಬಳಕೆಗೆ ಬಂದಿದೆ. ಕುರುಡಿ ಮೀನನ್ನು ಸಾಕಣೆಯಲ್ಲಿಯೇ ಮರಿಮಾಡಿಸುವ ಕ್ರಮವನ್ನು ಚೆನ್ನೈಯ ಕೇಂದ್ರ ಹಿನ್ನೀರು ಮೀನುಕೃಷಿ ಸಂಸ್ಥೆಯು 1997ರಲ್ಲಿ ಸಾಧಿಸಿತು. ಈ ಮೀನು ಉಪ್ಪುನೀರು, ಸಿಹಿನೀರು ಎರಡನ್ನೂ ತಾಳಬಲ್ಲುದು. ಆದರೆ ದೊಡ್ಡದು ಚಿಕ್ಕದನ್ನು ನುಂಗುವ ಸ್ವಭಾವವುಳ್ಳದ್ದರಿಂದ, ಮರಿಯ ಅವಸ್ಥೆಯಲ್ಲಿ ಆಗಾಗ್ಗೆ ಗಾತ್ರಕ್ಕೆ ಅನುಸಾರವಾಗಿ ಬೇರ್ಪಡಿಸುತ್ತಿರಬೇಕು. ಬಲೆಗೆ ಪಾಚಿ ಮತ್ತು ಚಿಪ್ಪುಗಳು ಅಂಟಿಕೊಂಡರೆ ನೀರಿನ ಓಡಾಟವು ನಿಂತು ಮೀನು ಉಸಿರುಗಟ್ಟುವುದು, ಅದನ್ನು ತೊಳೆಯುತ್ತಿರಬೇಕು. ಮಳೆಗಾಲದ ನೆರೆಯಲ್ಲಿ ಮರದ ದಿಮ್ಮಿಗಳು ಬಂದು ಪಂಜರವನ್ನು ಒಡೆಯುವುದರಿಂದ, ಅದಕ್ಕೆ ಮೊದಲೇ ಮೀನನ್ನು ಹಿಡಿಯುವುದು ಅಥವಾ ಪಂಜರವನ್ನು ಸೆಳೆತವಿಲ್ಲದ ಕಡೆಗೆ ಎಳೆದುಕೊಳ್ಳುವುದು ಆವಶ್ಯಕ.

ಸೀಗಡಿಯ ಹೊಂಡಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಕಾಪುವಿನ ಸಮೀಪದ ಮಟ್ಟು ಗ್ರಾಮದ ಗುಳ್ಳವೂ, ಶಂಕರಪುರದ ಮಲ್ಲಿಗೆಯೂ ಸಿಹಿನೀರಿನ ಬಾವಿಗಳನ್ನು ನಂಬಿ ಬೆಳೆಯುವ ಪ್ರಸಿದ್ಧ ಬೆಳೆಗಳು. ಉಪ್ಪುನೀರನ್ನು ಕಟ್ಟಿ ನಿಲ್ಲಿಸಿದರೆ ಅದು ಮರಳುಮಣ್ಣಿನಲ್ಲಿ ಇಂಗಿ ನೆರೆಯವನ ಬಾವಿಯನ್ನು ಸೇರಬಹುದು. ಒಬ್ಬನ ಲಾಭಕ್ಕಾಗಿ ಹತ್ತು ಮನೆಗಳ ಕುಡಿಯುವ ನೀರು ಕೆಡುವುದು ನ್ಯಾಯವೂ ಅಲ್ಲ, ಶಾಸನಸಮ್ಮತವೂ ಅಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕಠಿಣವಾದ ತೀರ್ಪನ್ನಿತ್ತಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಶಾಸನವು ಜಾರಿಗೆ ಬಂದಿತು. ಸಮುದ್ರ, ನದಿ, ಹಿನ್ನೀರುಗಳ ಉಬ್ಬರದ ಗೆರೆಯಿಂದ ಎರಡು ಕಿಲೋಮೀಟರಿನೊಳಗೆ ಇಂತಹ ಕೃಷಿಯನ್ನು ಮಾಡುವವರು ನೋಂದಣಿಯನ್ನು ಮಾಡಿಸಿಕೊಳ್ಳಲೇಬೇಕು.

ಸುದ್ದಿಜಾಲವು ಕೆಲಸ ಮಾಡುವ ಕ್ರಮ

ಮೊಬೈಲ್ ಜಾಲವು ನಾಡನ್ನು ಚಿಕ್ಕ ಚಿಕ್ಕ ಮಂಡಲಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಒಂದು ಟವರನ್ನು ನಿಲ್ಲಿಸುವುದು. ಫೋನು ತನ್ನ ಮಂಡಲದ ಟವರಿನೊಡನೆ ಮಾತ್ರ ಮಾತನಾಡುತ್ತದೆ. ದೂರದ ಮಂಡಲಗಳಲ್ಲಿ ಅವೇ ಅಲೆಗಳನ್ನು ಪುನಃ ಉಪಯೋಗಿಸಬಹುದಾದ್ದರಿಂದ ಸ್ವಲ್ಪ ಅಲೆಗಳಲ್ಲಿಯೇ ಬಹು ಜನರ ಕೆಲಸ ನಡೆಯುವುದು. ಒಂದು ಮಂಡಲದ ಅಲೆಗಳು ಒಂದು ಕಟ್ಟದ ನೀರಿದ್ದಂತೆ. ಒಬ್ಬನು ಹೆಚ್ಚು ಹರಿಸಿಕೊಂಡರೆ ಇನ್ನೊಬ್ಬನ ಪಾಲು ತಗ್ಗುವುದು.

ಕಾಪುವಿನ ಸಮತಟ್ಟಾದ ಕಡಲ ತೀರದಲ್ಲಿ ಅಲೆಗಳಿಗೆ ತಡೆ ಕಡಮೆ. ಕಾರ್ಕಳದಿಂದ ಮೂಡಣಕ್ಕೆ ಮಾಳ, ಕೆರ್ವಾಶೆಗಳ ಕಡೆಗೆ ಹೋದಂತೆ ಘಟ್ಟದ ಬುಡದ ಗುಡ್ಡಗಳೂ ದಟ್ಟವಾದ ಮರಗಳೂ ಅಡ್ಡವಾಗುವುವು. ಕಡಮೆ ಆವರ್ತನದ, ಎಂದರೆ 700 ಅಥವಾ 900 ಮೆಗಾಹರ್ಟ್ಸಿನ ಅಲೆಗಳು ದೂರ ಸಾಗುವುವು. ಹೆಚ್ಚು ಆವರ್ತನದವು ಹೆಚ್ಚು ಸುದ್ದಿಯನ್ನು ಹೊತ್ತರೂ ಬೇಗ ಕುಂದುವುವು. ಸಿಗ್ನಲ್ ಕ್ಷೀಣವಾದಲ್ಲಿ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿಯಿಂದ ಕೂಗಬೇಕಾಗುವುದರಿಂದ ಅದರ ಬ್ಯಾಟರಿಯು ಬೇಗನೆ ಬರಿದಾಗುವುದು. ಕೆರೆಯಲ್ಲಿ ಇಟ್ಟ ಅಳತೆಯ ಉಪಕರಣಕ್ಕೂ ಇದೇ ನಿಯಮ ಅನ್ವಯಿಸುವುದು. ಆದಕಾರಣ ಅಂತಹ ಉಪಕರಣವನ್ನು ಕೊಳ್ಳುವ ಮೊದಲು ಕೆರೆಯ ದಂಡೆಯಲ್ಲಿಯೇ ನಿಂತು, ಯಾವ ಕಂಪೆನಿಯ ಸಿಗ್ನಲ್ ಅಲ್ಲಿ ಚೆನ್ನಾಗಿ ಸಿಕ್ಕುವುದೆಂದು ಹಗಲೂ ರಾತ್ರಿಯೂ ಪರೀಕ್ಷಿಸಿ ನೋಡಬೇಕು.

ಸುದ್ದಿಯಲ್ಲಿ ಮಿತವ್ಯಯ

ಕಾಪುವಿನ ದೀಪಸ್ತಂಭವು 1901ರಿಂದ ದೋಣಿಗಳಿಗೆ ಹೇಳುತ್ತಿರುವುದು ಒಂದೇ ಮಾತು. ಅದು ಸಂಕ್ಷಿಪ್ತವಾಗಿರುವುದರಿಂದಲೇ ಎಲ್ಲರಿಗೂ ಕೂಡಲೇ ತಿಳಿಯುವುದು. ಗ್ರಾಮದ ಸುದ್ದಿಯೂ ಹೀಗೆಯೇ ಇರಬೇಕು.

ಒಂದು ಎಸ್ಸೆಮ್ಮೆಸ್ಸು ಹೊರಬಲ್ಲದ್ದು 140 ಬೈಟುಗಳನ್ನು ಮಾತ್ರ. ಇಂಗ್ಲಿಷ್ ಅಕ್ಷರಗಳಲ್ಲಾದರೆ ಇದರಲ್ಲಿ 160 ಅಕ್ಷರಗಳು ಹಿಡಿಸುವುವು. ಕನ್ನಡದಲ್ಲಿ 70 ಸ್ಥಾನಗಳು ಮಾತ್ರ, ಅದರಲ್ಲಿಯೂ ಕೊಂಬು, ಏತ್ವ, ಒತ್ತಿನ ಗುರುತುಗಳು ಬೇರೆ ಬೇರೆಯಾಗಿ ಎಣಿಸಲ್ಪಡುತ್ತವೆ. ಆದರೂ ಇಷ್ಟರಲ್ಲಿಯೇ ಬೇಕಾದಷ್ಟನ್ನು ಹೇಳಬಹುದು. "ನಾಳೆ ಮೋಡ. ಮೇವು ಅರ್ಧ. ಬೆಳಗ್ಗೆ 4ಕ್ಕೆ ಕೆರೆ ನೋಡಿ." ಎಂಬ ಸುದ್ದಿಗೆ 45 ಸ್ಥಾನಗಳು ಸಾಕು. ಇದೇ ವಿಷಯವನ್ನು 10 ಲಕ್ಷ ಬೈಟುಗಳ ಚಿತ್ರವಾಗಿ ಕಳುಹಿಸಿದರೆ ಜಾಲದ ಮೇಲೆ ಸುಮಾರು ಏಳು ಸಾವಿರ ಪಾಲು ಹೆಚ್ಚು ಭಾರ ಬೀಳುವುದು. ಸಿಗ್ನಲ್ ಕ್ಷೀಣವಾದ ಕಡೆ ಆ ಚಿತ್ರವು ತೆರೆಯುವುದೇ ಇಲ್ಲ. ಎಸ್ಸೆಮ್ಮೆಸ್ಸಾದರೋ ಸ್ವಲ್ಪ ಸಿಗ್ನಲ್ ಇದ್ದರೂ ತಲಪಬಲ್ಲುದು.

ಉಪಕರಣಗಳಲ್ಲಿಯೂ ಹಾಗೆಯೇ. ಐದು ನಿಮಿಷಕ್ಕೊಮ್ಮೆ ಅಳತೆಯನ್ನು ಕಳುಹಿಸುವ ಯಂತ್ರವು ದಿನಕ್ಕೆ 288 ಸಲ ಮಾತನಾಡುವುದು. ಗಂಟೆಗೊಮ್ಮೆಯಾದರೆ 24 ಸಲ. ಹಗಲಿನಲ್ಲಿ ಅಪರೂಪವಾಗಿಯೂ ನಡುರಾತ್ರಿಯಿಂದ ಸೂರ್ಯೋದಯದ ವರೆಗೆ ಹೆಚ್ಚು ಬಾರಿಯೂ ಅಳೆದು, ಪ್ರಾಣವಾಯು ಗೊತ್ತಾದ ಮಿತಿಗಿಂತ ಇಳಿದಾಗ ಕೂಡಲೇ ಎಚ್ಚರಿಸುವಂತೆ ಏರ್ಪಡಿಸಿದರೆ ಬ್ಯಾಟರಿಯೂ ಉಳಿಯುವುದು, ಎಚ್ಚರಿಕೆಯೂ ಬೇಗ ಬರುವುದು.

ಇಲ್ಲಿ ಒಂದು ಮುಖ್ಯವಾದ ಅಪಾಯವನ್ನು ಮರೆಯಬಾರದು. ಮಳೆಗಾಲದ ಬಿರುಗಾಳಿಗೆ ವಿದ್ಯುತ್ತು ಕಡಿದುಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಯಾವ ಸುದ್ದಿಯೂ ಬಾರದು. ಕೆರೆಗೆ ಅಪಾಯ ಹೆಚ್ಚಾದ ದಿನಗಳೂ ಅವೇ. ಎಚ್ಚರಿಕೆ ಬರಲಿಲ್ಲವಾದ್ದರಿಂದ ಎಲ್ಲವೂ ಕ್ಷೇಮವೆಂದು ಮಲಗುವವನು ಮೋಸಹೋಗುವನು. ಆದ್ದರಿಂದ ಪ್ರತಿ ರಾತ್ರಿ ಎರಡು ಗಂಟೆಗೆ "ಕ್ಷೇಮ" ಎಂಬ ಒಂದು ಮಾತು ತಪ್ಪದೆ ಬರುವಂತೆ ಏರ್ಪಾಡಿರಬೇಕು. ಅದು ಬಾರದಿದ್ದರೆ ಅಪಾಯವೆಂದೇ ತಿಳಿದು, ಲಾಟೀನು ಹಿಡಿದು ಕೆರೆಗೆ ಹೋಗತಕ್ಕದ್ದು. ಯಂತ್ರವು ಕಾವಲುಗಾರನಿಗೆ ಸಹಾಯಕವೇ ಹೊರತು ಕಾವಲುಗಾರನಲ್ಲ.

ರೋಗದ ಸುದ್ದಿಯನ್ನು ಮುಚ್ಚಿಡುವುದರಿಂದಾಗುವ ಹಾನಿ

1994-95ರ ಸುಮಾರಿಗೆ ಬಿಳಿಚುಕ್ಕೆ ರೋಗವು ಭಾರತದ ಸೀಗಡಿ ಹೊಂಡಗಳಲ್ಲಿ ಕಾಣಿಸಿಕೊಂಡು ಅನೇಕರ ಬಂಡವಾಳವನ್ನು ನೀರುಪಾಲು ಮಾಡಿತು. ಈ ರೋಗದ ವೈರಾಣುವು ಮರಿಯ ಮೂಲಕವೂ, ನೀರಿನ ಮೂಲಕವೂ, ಏಡಿಗಳ ಮೂಲಕವೂ ಹರಡುವುದು. ರೋಗ ತಗುಲಿದ ಹೊಂಡದ ಯಜಮಾನನು ಮಾನಕ್ಕೋ, ಬೆಲೆ ಬಿದ್ದುಹೋಗುವುದೆಂಬ ಭಯಕ್ಕೋ ಸುದ್ದಿಯನ್ನು ಮುಚ್ಚಿಟ್ಟು, ನೀರನ್ನು ರಾತ್ರಿಯಲ್ಲಿ ತೋಡಿಗೆ ಬಿಟ್ಟರೆ, ಮಾರನೆಯ ಉಬ್ಬರದಲ್ಲಿ ನೆರೆಯವನು ಆ ರೋಗವನ್ನೇ ತನ್ನ ತೂಬಿನಿಂದ ಒಳಕ್ಕೆ ತೆಗೆದುಕೊಳ್ಳುವನು. ನೆರೆಯವನ ಹೊಂಡದಿಂದ ಅದು ಪುನಃ ಮೊದಲಿನವನಿಗೇ ಮರಳಿ ಬರುವುದು. ರೋಗ ಕಂಡಾಗ ತೂಬನ್ನು ಮುಚ್ಚಿ, ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಿಗೊಳಿಸಿ ಕೆಲವು ದಿನ ನಿಲ್ಲಿಸಿ, ತೋಡಿನ ಉದ್ದಕ್ಕೂ ಇರುವ ಎಲ್ಲರಿಗೂ ಅಂದೇ ತಿಳಿಸಬೇಕು.

ಸುದ್ದಿಯನ್ನು ಹಂಚುವುದು ಸಾಧ್ಯವೆಂಬುದಕ್ಕೆ ಸಮುದ್ರದ ಮೀನುಗಾರರೇ ನಿದರ್ಶನ. 1999ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು, ಸಮುದ್ರದ ಮೇಲ್ಮೈಯ ಉಷ್ಣತೆ ಮತ್ತು ಸೂಕ್ಷ್ಮಸಸ್ಯಗಳ ಹಸುರನ್ನು ಉಪಗ್ರಹದಿಂದ ಗುರುತಿಸಿ, ಮೀನು ಸಿಕ್ಕಬಹುದಾದ ಸ್ಥಳಗಳನ್ನೂ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಆಯಾ ಭಾಷೆಗಳಲ್ಲಿ ತಿಳಿಸುತ್ತದೆ. ಕೆರೆಯ ಕೃಷಿಕರಲ್ಲಿಯೂ ಇಂತಹ ಏರ್ಪಾಡು ಬೆಳೆಯಬೇಕು.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

(1) ಗ್ರಾಮದ ಮದಗ, ಕೆರೆ, ಹೊಂಡಗಳ ಪಟ್ಟಿಯನ್ನು ಮಾಡಿ, ಯಾವುದರಲ್ಲಿ ಎಷ್ಟು ತಿಂಗಳು ನೀರು ನಿಲ್ಲುವುದೆಂದು ಬರೆದಿಡುವುದು. ಸಾರ್ವಜನಿಕ ಕೆರೆಯಾದರೆ ಪಂಚಾಯತಿ ಮತ್ತು ಮೀನುಗಾರಿಕೆ ಇಲಾಖೆಯ ಅನುಮತಿಯಿಲ್ಲದೆ ಮರಿ ಬಿಡದಿರುವುದು.

(2) ಒಂದೇ ತೋಡಿನ ನೀರನ್ನು ಉಪಯೋಗಿಸುವವರನ್ನು ಒಂದು ಕೂಟವಾಗಿ ಮಾಡಿ, ಸುದ್ದಿ ಕಳುಹಿಸುವ ಜವಾಬ್ದಾರಿಯನ್ನು ನಂಬಿಗಸ್ತನಾದ ಒಬ್ಬನಿಗೆ ವಹಿಸುವುದು. ಹತ್ತು ಮಂದಿ ಒಂದೇ ವಿಷಯವನ್ನು ಹತ್ತು ವಿಧವಾಗಿ ಕಳುಹಿಸಿದರೆ ಅದು ಗಲಭೆಯಾಗುವುದು.

(3) ಮರಿ ಬಿಟ್ಟ ದಿನ, ಸಂಖ್ಯೆ, ಮೇವು, ತಿಂಗಳ ತೂಕ, ಸತ್ತ ಮೀನಿನ ಲೆಕ್ಕ, ಮೋಡದ ದಿನಗಳು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆಯಿಸುವುದು. ಲಾಭದ ಲೆಕ್ಕಕ್ಕಿಂತಲೂ ನಷ್ಟದ ಲೆಕ್ಕವನ್ನು ವಂಚನೆಯಿಲ್ಲದೆ ಬರೆಯಬೇಕು. ಮಂಗಳೂರಿನ ಮೀನಿನ ಪಂಡಿತರಿಗಾಗಲಿ, ಮಣಿಪಾಲದ ತಂತ್ರಜ್ಞರಿಗಾಗಲಿ ರೈತನು ಹಿಂದಕ್ಕೆ ಕೊಡಬಹುದಾದ ಜ್ಞಾನವು ಇದೇ.

(4) 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಅಂಗೀಕೃತ ವೆಚ್ಚದ ನೂರಕ್ಕೆ 40ರಂತೆಯೂ, ಸ್ತ್ರೀಯರಿಗೂ ಪರಿಶಿಷ್ಟರಿಗೂ ನೂರಕ್ಕೆ 60ರಂತೆಯೂ ಸಹಾಯಧನವು ಗೊತ್ತಾಯಿತು. ಪ್ರಕೃತ ದೊರೆಯುವ ಸಹಾಯವೇನೆಂದು ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಅರಿಯದವರಿಗೆ ತಿಳಿಸುವುದು. ಸಹಾಯಧನವನ್ನು ನೋಡಿ ಕೆರೆ ತೋಡುವುದಲ್ಲ. ನೀರನ್ನು ನೋಡಿ ತೋಡುವುದು.

ಸಾರಾಂಶ

ಮೀನು ಸಾಕುವವನು ಮಣ್ಣಿನ ಹುಳಿಯನ್ನು ಸುಣ್ಣದಿಂದ ಕಳೆಯಬೇಕು. ಮರಿಯನ್ನೂ ಮೇವನ್ನೂ ಅಳತೆಯರಿತು ಹಾಕಬೇಕು. ಮೋಡದ ದಿನಗಳ ಮುಂಜಾವದಲ್ಲಿ ಎಚ್ಚರವಾಗಿರಬೇಕು. ನೆರೆಯವನ ಬಾವಿಗೆ ಉಪ್ಪನ್ನೂ ಹೊಂಡಕ್ಕೆ ರೋಗವನ್ನೂ ಕಳುಹಿಸಬಾರದು. ಸುದ್ದಿಯು ಚಿಕ್ಕದಾಗಿಯೂ ನಿಜವಾಗಿಯೂ ಸಕಾಲಿಕವಾಗಿಯೂ ಇರಬೇಕು. ಬರುವ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಗ್ರಾಮದ ಮುಖಂಡರೂ ತಮ್ಮ ನೆರೆಯ ಕೆರೆಗಳವರನ್ನು ಒಂದು ದಿನ ಕೂಡಿಸಿ, ಲೆಕ್ಕದ ಪುಸ್ತಕವನ್ನೂ ಸುದ್ದಿಯ ಕ್ರಮವನ್ನೂ ಗೊತ್ತುಮಾಡಿದರೆ, ಒಬ್ಬನ ಕೆರೆಯಲ್ಲಿ ಕಲಿತ ಪಾಠವು ಇನ್ನೊಬ್ಬನ ಕೆರೆಯ ಮೀನನ್ನು ಉಳಿಸುವುದು.